ಹಂಗೇರಿಯ ಜನಕ್ರಾಂತಿ ಮತ್ತು ಎರಡು ಸೇರಿನ ನ್ಯಾಯ

ವ್ಯಾಪಾರದಲ್ಲಿ ನಡೆಯುವ ಮೋಸಗಳಲ್ಲಿ ಅತ್ಯಂತ ಹಳೆಯದು, ಕೊಳ್ಳುವಾಗ ಒಂದು ಸೇರು, ಕೊಡುವಾಗ ಇನ್ನೊಂದು ಸೇರು ಬಳಸುವುದು. ಹೀಗೆ ಮಾಡುವವನು ಬಾಯಿ ಬಿಟ್ಟು ಸುಳ್ಳು ಹೇಳಬೇಕಾಗಿಲ್ಲ. ಸೇರು ಎಲ್ಲರ ಕಣ್ಣೆದುರಿಗೇ ಇರುತ್ತದೆ, ಧಾನ್ಯ ಅದರ ಬಾಯಿಯವರೆಗೂ ತುಂಬಿರುತ್ತದೆ. ಅಳತೆ ಮಾತ್ರ ಬೇರೆ. ರಾಷ್ಟ್ರಗಳು ಒಂದಕ್ಕೊಂದು ನ್ಯಾಯ ಹೇಳುವಾಗಲೂ ಬಹುಮಟ್ಟಿಗೆ ನಡೆಯುವುದು ಇದೇ. ಶಾಂತಿ, ಸ್ವಾತಂತ್ರ್ಯ, ಸಾರ್ವಭೌಮತ್ವ ಎಂಬ ಮಾತುಗಳು ಎಲ್ಲರ ಬಾಯಲ್ಲೂ ಒಂದೇ. ಮಿತ್ರನಿಗೆ ಅಳೆಯುವಾಗ ಒಂದು ಸೇರು, ಶತ್ರುವಿಗೆ ಅಳೆಯುವಾಗ ಮತ್ತೊಂದು. ಈ ಸಂಗತಿಯನ್ನು ಸ್ಪಷ್ಟವಾಗಿ ತೋರಿಸಿಕೊಟ್ಟ ಕಾಲವೆಂದರೆ 1956ನೆಯ ಇಸವಿಯ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳು. ಹಂಗೇರಿ ಎಂಬ ಸಣ್ಣ ದೇಶದ ಜನರು ತಮ್ಮ ಮೇಲಿನ ದಬ್ಬಾಳಿಕೆಯ ವಿರುದ್ಧ ಎದ್ದು ನಿಂತ ಆ ದಿನಗಳಲ್ಲಿ ದೊಡ್ಡ ರಾಷ್ಟ್ರಗಳೂ, ನಮ್ಮ ಭಾರತವೂ ಯಾವ ಸೇರನ್ನು ಕೈಗೆತ್ತಿಕೊಂಡವು ಎಂಬುದು ಇಂದಿಗೂ ವಿಚಾರಾರ್ಹವಾಗಿದೆ.

ಅಟ್ಟ ಗುಡಿಸಿದ ಆಡಳಿತ

ಎರಡನೆಯ ಮಹಾಯುದ್ಧದಲ್ಲಿ ಹಂಗೇರಿ ಜರ್ಮನಿಯ ಪಕ್ಷದಲ್ಲಿದ್ದು ಸೋತಿತು. ಸೋವಿಯತ್ ಸೈನ್ಯ ದೇಶವನ್ನು ಆಕ್ರಮಿಸಿತು, ಯುದ್ಧದಂಡವನ್ನೂ ತೆರಬೇಕಾಯಿತು. 1946ರಲ್ಲಿ ಅಲ್ಲಿ ಕಂಡ ಹಣದುಬ್ಬರ ಜಗತ್ತಿನ ಚರಿತ್ರೆಯಲ್ಲೇ ಅತಿ ಭೀಕರವಾದದ್ದು. ಆ ವರ್ಷದ ಆಗಸ್ಟ್ 1ರಂದು ಹಳೆಯ ನಾಣ್ಯವಾದ ಪೆಂಗೋವನ್ನು ರದ್ದುಮಾಡಿ ಫೋರಿಂಟ್ ಎಂಬ ಹೊಸ ನಾಣ್ಯವನ್ನು ತಂದಾಗ, ಒಂದು ಫೋರಿಂಟಿಗೆ ಸಮನಾದ ಪೆಂಗೋಗಳ ಸಂಖ್ಯೆಯನ್ನು ಬರೆಯಲು ನಾಲ್ಕರ ಮುಂದೆ ಇಪ್ಪತ್ತೊಂಬತ್ತು ಸೊನ್ನೆಗಳನ್ನು ಇಡಬೇಕಾಗಿತ್ತು! ಜೀವಮಾನವಿಡೀ ಕೂಡಿಟ್ಟವರ ಉಳಿತಾಯವೆಲ್ಲ ಹೀಗೆ ಗಾಳಿಗೆ ಹೋಯಿತು.

ಬಳಿಕ ಬಂದದ್ದು ಮಾತ್ಯಾಸ್ ರಾಕೋಶಿ ಎಂಬ ಕಮ್ಯುನಿಸ್ಟ್ ನಾಯಕನ ಸರ್ವಾಧಿಕಾರ. ರೈತರು ತಾವು ಬೆಳೆದ ಧಾನ್ಯವನ್ನು ಸರ್ಕಾರ ಗೊತ್ತುಮಾಡಿದ ಪ್ರಮಾಣದಲ್ಲಿ ಕಡ್ಡಾಯವಾಗಿ ಒಪ್ಪಿಸಬೇಕಾಗಿತ್ತು. ಒಪ್ಪಿಸಲಾರದವರ ಮನೆಗೆ ಅಧಿಕಾರಿಗಳು ನುಗ್ಗಿ ಅಟ್ಟದ ಮೇಲಿದ್ದ ಬಿತ್ತನೆಯ ಬೀಜವನ್ನೂ ಬಿಡದೆ ಒಯ್ಯುತ್ತಿದ್ದರು. ಆ ನಾಡಿನ ಹಳ್ಳಿಗರು ಇದನ್ನು ‘ಅಟ್ಟ ಗುಡಿಸುವುದು’ ಎಂದು ಕರೆದರು. ಪಟ್ಟಣಗಳಲ್ಲಿ ಗುಪ್ತ ಪೊಲೀಸರ ಭಯ. ಪಕ್ಷದ ಹಿರಿಯರಿಗೂ ಅದು ತಪ್ಪಲಿಲ್ಲ. ಒಮ್ಮೆ ಗೃಹಮಂತ್ರಿಯಾಗಿ ಅದೇ ಪೊಲೀಸ್ ವ್ಯವಸ್ಥೆಯನ್ನು ಬಳಸಿದ್ದ ಲಾಸ್ಲೋ ರಾಯ್ಕ್ ಎಂಬಾತನನ್ನು ಸುಳ್ಳು ಆಪಾದನೆಗಳ ಮೇಲೆ 1949ರ ಅಕ್ಟೋಬರ್ 15ರಂದು ಗಲ್ಲಿಗೇರಿಸಲಾಯಿತು. ಅಧರ್ಮದ ಯಂತ್ರವನ್ನು ಕಟ್ಟಿದವರೂ ಅದರ ಬಾಯಿಗೆ ಬಿದ್ದರು.

1953ರ ಮಾರ್ಚ್‌ನಲ್ಲಿ ಸ್ಟಾಲಿನ್ ತೀರಿಕೊಂಡ ಮೇಲೆ ಇಮ್ರೆ ನಾಜ್ ಎಂಬ ಮೃದು ಧೋರಣೆಯ ಕಮ್ಯುನಿಸ್ಟ್ ಪ್ರಧಾನಿಯಾಗಿ ಕೆಲವು ಸುಧಾರಣೆಗಳನ್ನು ತಂದನು. ಆದರೆ 1955ರಲ್ಲಿ ಆತನನ್ನು ಪದಚ್ಯುತಗೊಳಿಸಿದರು. 1956ರ ಫೆಬ್ರವರಿಯಲ್ಲಿ ಮಾಸ್ಕೋದಲ್ಲಿ ಕ್ರುಶ್ಚೇವ್ ಅವರು ಸ್ಟಾಲಿನ್ನನ ಅಪರಾಧಗಳನ್ನು ಗುಪ್ತ ಭಾಷಣದಲ್ಲಿ ಬಯಲಿಗೆಳೆದರು. ಜುಲೈನಲ್ಲಿ ರಾಕೋಶಿ ಅಧಿಕಾರ ಬಿಡಬೇಕಾಯಿತು. ಅಕ್ಟೋಬರ್ 6ರಂದು ರಾಯ್ಕನ ಅಸ್ಥಿಗಳನ್ನು ಗೌರವದಿಂದ ಮರುಸಮಾಧಿ ಮಾಡಿದಾಗ ಒಂದು ಲಕ್ಷಕ್ಕೂ ಮಿಕ್ಕಿದ ಜನ ಮೌನವಾಗಿ ಸಾಗಿ ಬಂದರು. ಆ ಮೌನವೇ ಮುಂದಿನದಕ್ಕೆ ಪೀಠಿಕೆಯಾಯಿತು.

ಹದಿಮೂರು ದಿನಗಳು

ಅಕ್ಟೋಬರ್ 22ರಂದು ರಾಜಧಾನಿ ಬುಡಾಪೆಸ್ಟಿನ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹದಿನಾರು ಬೇಡಿಕೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಸೋವಿಯತ್ ಸೇನೆ ಹಿಂದಿರುಗಬೇಕು, ಮುಕ್ತ ಚುನಾವಣೆ ನಡೆಯಬೇಕು ಎಂಬವು ಅವುಗಳಲ್ಲಿ ಮುಖ್ಯ. ಮರುದಿನ ಹೊರಟ ಮೆರವಣಿಗೆಗೆ ಸಂಜೆಯ ಹೊತ್ತಿಗೆ ಕಾರ್ಖಾನೆಯ ಕೆಲಸಗಾರರೂ ಗೃಹಸ್ಥರೂ ಸೇರಿ ಲಕ್ಷಾಂತರ ಜನರಾದರು. ಧ್ವಜದ ನಡುವೆ ಇದ್ದ ಕಮ್ಯುನಿಸ್ಟ್ ಆಡಳಿತದ ಲಾಂಛನವನ್ನು ಕತ್ತರಿಸಿ ತೆಗೆದು, ತೂತುಬಿದ್ದ ಧ್ವಜವನ್ನೇ ಹಿಡಿದು ನಡೆದರು. ಸ್ಟಾಲಿನ್ನನ ಬೃಹತ್ ಪ್ರತಿಮೆಯನ್ನು ಉರುಳಿಸಿದರು. ಪೀಠದ ಮೇಲೆ ಉಳಿದದ್ದು ಬೂಟುಗಳು ಮಾತ್ರ. ರೇಡಿಯೋ ಕೇಂದ್ರದ ಮುಂದೆ ಗುಂಡು ಹಾರಿತು. ಅಂದಿನ ರಾತ್ರಿಯೇ ಸೋವಿಯತ್ ಟ್ಯಾಂಕುಗಳಿಗೆ ಕರೆ ಹೋಯಿತು. ಜನರನ್ನು ಸಮಾಧಾನಪಡಿಸಲು ಇಮ್ರೆ ನಾಜನನ್ನು ಮತ್ತೆ ಪ್ರಧಾನಿಯಾಗಿಸಿದರು. 28ರಂದು ಆತನು ಕದನವಿರಾಮವನ್ನು ಘೋಷಿಸಿ, ಇದು ಕಿಡಿಗೇಡಿಗಳ ದೊಂಬಿಯಲ್ಲ, ರಾಷ್ಟ್ರೀಯ ಚಳವಳಿ ಎಂದು ಒಪ್ಪಿಕೊಂಡನು.

ಆ ದಿನಗಳ ಎರಡು ಚಿತ್ರಗಳನ್ನು ನಾವು ಜೊತೆಯಾಗಿ ನೋಡಬೇಕು. ಮಡಿದವರ ಕುಟುಂಬಗಳ ನೆರವಿಗಾಗಿ ಬರಹಗಾರರ ಸಂಘದವರು ಬೀದಿಗಳಲ್ಲಿ ಪೆಟ್ಟಿಗೆಗಳನ್ನಿಟ್ಟರು. ಅವುಗಳಿಗೆ ಬೀಗವಿಲ್ಲ, ಕಾವಲಿಲ್ಲ. ತೆರೆದ ಪೆಟ್ಟಿಗೆಗಳಲ್ಲಿ ನೋಟುಗಳು ತುಂಬಿದವು, ಯಾರೂ ಕೈಹಾಕಲಿಲ್ಲ. ಗುಂಡೇಟಿಗೆ ಗಾಜು ಒಡೆದ ಅಂಗಡಿಗಳಲ್ಲಿ ಸರಕು ಹಾಗೆಯೇ ಇದ್ದುದನ್ನು ಕಂಡವರು ಬರೆದಿದ್ದಾರೆ. ಪೇಟೆಯಲ್ಲಿ ಬಾಳಿದ ನಮಗೆ ಇದರ ಬೆಲೆ ತಿಳಿಯುತ್ತದೆ.

ಎರಡನೆಯ ಚಿತ್ರ ಅಕ್ಟೋಬರ್ 30ರದು. ಬುಡಾಪೆಸ್ಟಿನ ಗಣರಾಜ್ಯ ಚೌಕದಲ್ಲಿದ್ದ ಪಕ್ಷದ ಕಚೇರಿಯನ್ನು ಗುಂಪು ಮುತ್ತಿತು. ಬಿಳಿಯ ಬಾವುಟ ಹಿಡಿದು ಸಂಧಾನಕ್ಕೆ ಹೊರಬಂದ ಇಮ್ರೆ ಮೆಜೋ ಎಂಬ ಪಕ್ಷದ ಕಾರ್ಯದರ್ಶಿ ಗುಂಡೇಟು ತಿಂದು ಸತ್ತನು. ಶರಣಾದ ಭದ್ರತಾ ದಳದ ಎಳೆಯ ಸಿಪಾಯಿಗಳನ್ನು ಕೊಂದು ಮರಗಳಿಗೆ ತೂಗುಹಾಕಿದರು. ಅದರ ಛಾಯಾಚಿತ್ರಗಳು ಲೋಕವನ್ನೆಲ್ಲ ಸುತ್ತಿದವು. ಪೆಟ್ಟಿಗೆಗೆ ಕೈಹಾಕದ ಊರಿನಲ್ಲೇ ಇದೂ ನಡೆಯಿತು. ಹಂಗೇರಿಯ ಜನರ ಬಗ್ಗೆ ಅನುಕಂಪವುಳ್ಳವರು ಈ ಎರಡನೆಯ ಚಿತ್ರವನ್ನು ಮುಚ್ಚಿಡುವುದೂ, ಅವರನ್ನು ದ್ವೇಷಿಸುವವರು ಮೊದಲನೆಯದನ್ನು ಮರೆಯುವುದೂ ಎರಡು ಸೇರಿನ ಅಭ್ಯಾಸವೇ. ನ್ಯಾಯವಾದ ಉದ್ದೇಶವು ಅನ್ಯಾಯವಾದ ಕೊಲೆಯನ್ನು ತೊಳೆಯಲಾರದು. ಕೆಲವರ ಕ್ರೌರ್ಯವು ಇಡೀ ಜನತೆಯ ಹಕ್ಕನ್ನು ಅಳಿಸಲಾರದು.

ನವೆಂಬರ್ 1ರಂದು ನಾಜನ ಸರ್ಕಾರ ವಾರ್ಸಾ ಒಪ್ಪಂದದಿಂದ ಹೊರಬಂದು ಹಂಗೇರಿಯನ್ನು ತಟಸ್ಥ ರಾಷ್ಟ್ರವೆಂದು ಘೋಷಿಸಿ, ವಿಶ್ವಸಂಸ್ಥೆಯ ರಕ್ಷಣೆಯನ್ನು ಕೋರಿತು. ನವೆಂಬರ್ 4ರ ಬೆಳಗಿನ ಜಾವ ಸೋವಿಯತ್ ಸೈನ್ಯ ಭಾರೀ ಬಲದೊಡನೆ ಬುಡಾಪೆಸ್ಟಿನ ಮೇಲೆ ಎರಗಿತು. ಸುಮಾರು 2,500 ಹಂಗೇರಿಯನ್ನರೂ ಸುಮಾರು 700 ಸೋವಿಯತ್ ಸೈನಿಕರೂ ಪ್ರಾಣ ತೆತ್ತರು. ಸುಮಾರು ಎರಡು ಲಕ್ಷ ಮಂದಿ, ಎಂದರೆ ದೇಶದ ಐವತ್ತು ಜನರಲ್ಲಿ ಒಬ್ಬರು, ಗಡಿ ದಾಟಿ ನಿರಾಶ್ರಿತರಾದರು. ಅವರಲ್ಲಿ ಹೆಚ್ಚಿನವರಿಗೆ ನೆರೆಯ ಆಸ್ಟ್ರಿಯಾ ಬಾಗಿಲು ತೆರೆಯಿತು. ಆ ದೇಶದಿಂದ ಪರದೇಶದ ಸೈನ್ಯಗಳು ಹೊರಟುಹೋಗಿ ಆಗ ಒಂದು ವರ್ಷವಷ್ಟೇ ಆಗಿತ್ತು.

ಕಾಲುವೆಯ ಲೆಕ್ಕ, ರಾಜಧಾನಿಯ ಲೆಕ್ಕ

ಇದೇ ವಾರದಲ್ಲಿ ಇನ್ನೊಂದು ಆಕ್ರಮಣವೂ ನಡೆದಿತ್ತು. ಈಜಿಪ್ಟಿನ ಅಧ್ಯಕ್ಷ ನಾಸರ್ ಅವರು 1956ರ ಜುಲೈ 26ರಂದು ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದ್ದರು. ಅಕ್ಟೋಬರ್ 29ರಂದು ಇಸ್ರೇಲ್ ಈಜಿಪ್ಟಿನ ಮೇಲೆ ದಾಳಿ ಮಾಡಿತು. ಮೊದಲೇ ಮಾಡಿಕೊಂಡಿದ್ದ ಗುಪ್ತ ಒಪ್ಪಂದದಂತೆ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ಕಾಲುವೆಯನ್ನು ರಕ್ಷಿಸುವ ನೆಪದಿಂದ 31ರಂದು ಬಾಂಬು ಹಾಕತೊಡಗಿದವು. ಪೂರ್ವದಲ್ಲಿ ಸಮಾಜವಾದದ ಹೆಸರಿನಲ್ಲಿ, ಪಶ್ಚಿಮದಲ್ಲಿ ಅಂತರರಾಷ್ಟ್ರೀಯ ಜಲಮಾರ್ಗದ ಹೆಸರಿನಲ್ಲಿ, ಬಲಿಷ್ಠರು ದುರ್ಬಲರ ಮೇಲೆ ಬಿದ್ದರು.

ಎರಡೂ ಪ್ರಕರಣಗಳು ವಿಶ್ವಸಂಸ್ಥೆಯ ಮುಂದೆ ಬಂದವು. ಭದ್ರತಾ ಮಂಡಳಿಯಲ್ಲಿ ಈಜಿಪ್ಟಿನ ವಿಷಯಕ್ಕೆ ಬ್ರಿಟನ್ ಮತ್ತು ಫ್ರಾನ್ಸ್, ಹಂಗೇರಿಯ ವಿಷಯಕ್ಕೆ ಸೋವಿಯತ್ ಒಕ್ಕೂಟ ತಂತಮ್ಮ ವೀಟೋ ಚಲಾಯಿಸಿದವು. ಎರಡೂ ವಿಷಯಗಳು ಮಹಾಸಭೆಯ ತುರ್ತು ಅಧಿವೇಶನಗಳಿಗೆ ಹೋದವು. ಮುಂದಿನ ಫಲ ಮಾತ್ರ ಬೇರೆಯಾಯಿತು. ಬ್ರಿಟನ್ನಿನ ಪೌಂಡ್ ನಾಣ್ಯ ಆಗ ಕುಸಿಯುವ ಸ್ಥಿತಿಯಲ್ಲಿತ್ತು. ಕದನ ನಿಲ್ಲಿಸುವವರೆಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ನೆರವು ದೊರೆಯಲು ಅಮೆರಿಕ ಒಪ್ಪಲಿಲ್ಲ. ನವೆಂಬರ್ 6ರಂದು ಬ್ರಿಟನ್ ಕದನವಿರಾಮಕ್ಕೆ ಒಪ್ಪಿತು. ಡಿಸೆಂಬರ್ 22ರ ಹೊತ್ತಿಗೆ ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳು ಜಾಗ ಖಾಲಿ ಮಾಡಿದವು. ಅಲ್ಲಿಗೆ ಹೋದ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ನಮ್ಮ ದೇಶದ ಸೈನಿಕರೂ ಇದ್ದರು. ಹಂಗೇರಿಗಾದರೋ ದೊರೆತದ್ದು ನಿರ್ಣಯಗಳ ಕಾಗದ ಮಾತ್ರ. ಸಾಲಗಾರನಿಗೆ ತಟ್ಟಿದ ನ್ಯಾಯದ ಬಿಸಿ, ಯಾರಿಗೂ ಸಾಲಗಾರನಲ್ಲದ ಬಲಶಾಲಿಗೆ ತಟ್ಟಲಿಲ್ಲ.

ಒಂದು ಪಾಪ ಇನ್ನೊಂದಕ್ಕೆ ನೆರಳಾದ ಪರಿಯೂ ಗಮನಾರ್ಹ. ಅಕ್ಟೋಬರ್ 30ರಂದು ಮಾಸ್ಕೋದ ನಾಯಕರು ಹಂಗೇರಿಯಲ್ಲಿ ಬಲಪ್ರಯೋಗ ಬೇಡವೆಂಬ ನಿಲುವಿಗೆ ಬಂದಿದ್ದರು. ಮರುದಿನವೇ ಮನಸ್ಸು ಬದಲಾಯಿಸಿದರು. ಈಜಿಪ್ಟಿನ ಜೊತೆಗೆ ಹಂಗೇರಿಯನ್ನೂ ಕಳೆದುಕೊಂಡರೆ ತಮ್ಮನ್ನು ದುರ್ಬಲರೆಂದು ಎಣಿಸಿಯಾರು ಎಂದು ಕ್ರುಶ್ಚೇವ್ ವಾದಿಸಿದ್ದು ಆ ಸಭೆಯ ಟಿಪ್ಪಣಿಗಳಿಂದ ತಿಳಿದುಬಂದಿದೆ. ಇತ್ತ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳಿಗೆ ಬುಡಾಪೆಸ್ಟಿನ ಟ್ಯಾಂಕುಗಳನ್ನು ಖಂಡಿಸುವ ಬಾಯಿಯೇ ಉಳಿದಿರಲಿಲ್ಲ.

ಅಮೆರಿಕದ ಪಾಲೂ ಇಲ್ಲಿದೆ. ಅದರ ಹಣದಿಂದ ಮ್ಯೂನಿಕ್ ನಗರದಲ್ಲಿ ನಡೆಯುತ್ತಿದ್ದ ‘ರೇಡಿಯೋ ಫ್ರೀ ಯುರೋಪ್’ ಕೇಂದ್ರದ ಹಂಗೇರಿಯನ್ ಭಾಷೆಯ ಪ್ರಸಾರಗಳು ಹೋರಾಟಗಾರರನ್ನು ಹುರಿದುಂಬಿಸಿದವು. ಹೊರಗಿನಿಂದ ನೆರವು ಬರಬಹುದೆಂಬ ಆಸೆಯೂ ಅವುಗಳಿಂದ ಮೂಡಿತು. ಆದರೆ ಆ ದೇಶದ ವಿದೇಶಾಂಗ ಕಾರ್ಯದರ್ಶಿ ಡಲ್ಲೆಸ್ ಅವರು ಅಕ್ಟೋಬರ್ 27ರಂದೇ, ಈ ರಾಷ್ಟ್ರಗಳನ್ನು ತಾವು ಸೈನಿಕ ಮಿತ್ರರನ್ನಾಗಿ ಕಾಣುತ್ತಿಲ್ಲವೆಂದು ಹೇಳಿಬಿಟ್ಟಿದ್ದರು. ಖಾತೆಯಲ್ಲಿ ಹಣವಿಲ್ಲದೆ ಹುಂಡಿ ಬರೆದುಕೊಟ್ಟಂತಾಯಿತು. ಆ ಹುಂಡಿಯನ್ನು ನಂಬಿದವರು ತಮ್ಮ ಪ್ರಾಣದಿಂದ ಅದನ್ನು ತೀರಿಸಿದರು. ಯುದ್ಧಕ್ಕೆ ಹೋಗದಿದ್ದುದು ಅಮೆರಿಕದ ತಪ್ಪಲ್ಲ. ಪರಮಾಣು ಯುಗದಲ್ಲಿ ಅದು ವಿವೇಕವೇ ಆಗಿತ್ತು. ಕೊಡಲಾರದ ನೆರವಿನ ಆಸೆ ಹುಟ್ಟಿಸಿದ್ದು ತಪ್ಪು.

ನಮ್ಮ ದೇಶದ ಮತ

ಪರರ ಸೇರನ್ನು ಪರೀಕ್ಷಿಸಿದವರು ತಮ್ಮದನ್ನೂ ಪರೀಕ್ಷಿಸಬೇಕು. ಈಜಿಪ್ಟಿನ ಮೇಲಿನ ಆಕ್ರಮಣವನ್ನು ಭಾರತ ತಡಮಾಡದೆ, ಕಟುವಾದ ಮಾತುಗಳಲ್ಲಿ ಖಂಡಿಸಿತು. ಹಂಗೇರಿಯ ವಿಷಯದಲ್ಲಿ ಮಾತು ತಡವಾಯಿತು, ಮೆದುವಾಯಿತು. ನವೆಂಬರ್ 4ರಂದು ಸೋವಿಯತ್ ಸೇನೆ ಹಿಂದಿರುಗಬೇಕೆಂಬ ನಿರ್ಣಯವನ್ನು ಮಹಾಸಭೆ 50 ಮತಗಳಿಂದ ಅಂಗೀಕರಿಸಿತು. 8 ರಾಷ್ಟ್ರಗಳು ವಿರೋಧಿಸಿದವು, 15 ತಟಸ್ಥವಾಗಿದ್ದವು. ಭಾರತ ತಟಸ್ಥರಲ್ಲಿ ಒಂದು. ನವೆಂಬರ್ 9ರಂದು ಐದು ರಾಷ್ಟ್ರಗಳು ಮಂಡಿಸಿದ ಇನ್ನೊಂದು ನಿರ್ಣಯವು ವಿಶ್ವಸಂಸ್ಥೆಯ ಆಶ್ರಯದಲ್ಲಿ ಮುಕ್ತ ಚುನಾವಣೆ ನಡೆಯಬೇಕೆಂದು ಕೇಳಿತು. ಪರವಾಗಿ 48, ವಿರೋಧವಾಗಿ 11, ತಟಸ್ಥ 16. ವಿರೋಧಿಸಿದ ಹನ್ನೊಂದರಲ್ಲಿ ಕಮ್ಯುನಿಸ್ಟ್ ಆಡಳಿತವಿಲ್ಲದ ರಾಷ್ಟ್ರ ಒಂದೇ ಒಂದು, ಅದು ಭಾರತ.

ಇದಕ್ಕೆ ಕಾರಣಗಳಿದ್ದವು. ಸ್ವತಂತ್ರ ರಾಷ್ಟ್ರವೊಂದರಲ್ಲಿ ಹೊರಗಿನವರು ಚುನಾವಣೆ ನಡೆಸುವುದು ಸಲ್ಲದೆಂಬುದು ನಮ್ಮ ಪ್ರತಿನಿಧಿ ವಿ. ಕೆ. ಕೃಷ್ಣ ಮೆನನ್ ಅವರ ವಾದ. ಅದರ ಹಿಂದೆ ಕಾಶ್ಮೀರದ ಪ್ರಶ್ನೆಯ ಚಿಂತೆಯೂ ಇತ್ತೆಂಬುದು ಗುಟ್ಟಲ್ಲ. ನಿರ್ಣಯವನ್ನು ಮಂಡಿಸಿದ ಐವರಲ್ಲಿ ಪಾಕಿಸ್ತಾನವೂ ಒಂದಾಗಿತ್ತು. ಆದರೂ ಜನರು ಒಪ್ಪಲಿಲ್ಲ. ಜಯಪ್ರಕಾಶ ನಾರಾಯಣ ಅವರು ಬಹಿರಂಗವಾಗಿ ಖಂಡಿಸಿದರು. ಲೋಕಸಭೆಯಲ್ಲೂ ಸರ್ಕಾರ ಉತ್ತರ ಹೇಳಬೇಕಾಯಿತು. ಬಳಿಕ ನಿಲುವು ಬದಲಾಯಿತು. ನವೆಂಬರ್ 14ರಂದು ದೆಹಲಿಯಲ್ಲಿ ಸೇರಿದ ಭಾರತ, ಬರ್ಮಾ, ಸಿಲೋನ್ ಮತ್ತು ಇಂಡೋನೇಷ್ಯಾಗಳ ಪ್ರಧಾನಮಂತ್ರಿಗಳು ಸೋವಿಯತ್ ಸೇನೆ ಬೇಗನೆ ಹಿಂದಿರುಗಬೇಕೆಂದೂ, ಹಂಗೇರಿಯ ಜನರೇ ತಮ್ಮ ಭವಿಷ್ಯವನ್ನು ನಿರ್ಧರಿಸಬೇಕೆಂದೂ ಸಾರಿದರು. ವಿಶ್ವಸಂಸ್ಥೆಯ ವೀಕ್ಷಕರನ್ನು ಒಳಗೆ ಬಿಡಬೇಕೆಂಬ ನಿರ್ಣಯವನ್ನು ಭಾರತವೇ ಸಿಲೋನ್ ಮತ್ತು ಇಂಡೋನೇಷ್ಯಾಗಳೊಡನೆ ಮಂಡಿಸಿತು.

ಸಭೆಯಲ್ಲಿ ತಪ್ಪಿದ ಅಳತೆಯನ್ನು ಸ್ಥಳದಲ್ಲಿದ್ದ ಭಾರತೀಯರು ಕೆಲಮಟ್ಟಿಗೆ ಸರಿದೂಗಿಸಿದರು. ಆಗ ಬುಡಾಪೆಸ್ಟಿನಲ್ಲಿದ್ದ ನಮ್ಮ ರಾಜತಂತ್ರಜ್ಞ ಎಂ. ಎ. ರೆಹಮಾನ್ ಅವರು ಕಣ್ಣಾರೆ ಕಂಡದ್ದನ್ನು ದೆಹಲಿಗೆ ತಿಳಿಸಿದರು. ನಾಜನ ಸಂಪುಟದ ಇಶ್ತ್ವಾನ್ ಬಿಬೋ ಎಂಬ ಮಂತ್ರಿ, ನವೆಂಬರ್ 4ರಂದು ಸೋವಿಯತ್ ಸೈನಿಕರು ಸಂಸತ್ ಭವನವನ್ನು ಹಿಡಿದಾಗಲೂ ಕದಲದೆ, ಎರಡು ದಿನ ಒಳಗೇ ಕುಳಿತು ತನ್ನ ಸರ್ಕಾರದ ಪರವಾಗಿ ಹೇಳಿಕೆ ಬರೆದವನು. ಆತನು ಸಿದ್ಧಪಡಿಸಿದ ರಾಜಿಯ ಸೂತ್ರವನ್ನು ಆರ್ಪಾದ್ ಗೊಂತ್ಸ್ ಎಂಬ ಮಿತ್ರನು ರೆಹಮಾನರ ಮೂಲಕ ನಮ್ಮ ರಾಯಭಾರಿ ಕೆ. ಪಿ. ಎಸ್. ಮೆನನ್ ಅವರಿಗೆ ತಲುಪಿಸಿದನು. ರಾಜಿ ಆಗಲಿಲ್ಲ. 1958ರಲ್ಲಿ ಬಿಬೋ ಮತ್ತು ಗೊಂತ್ಸ್ ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು. ಅವರ ಕೊರಳು ಗಲ್ಲಿನಿಂದ ತಪ್ಪಿದ್ದಕ್ಕೆ ಭಾರತದ ಮಧ್ಯಸ್ಥಿಕೆಯೂ ಕಾರಣವೆಂದು ಹೇಳುತ್ತಾರೆ. 1963ರ ಕ್ಷಮಾದಾನದಲ್ಲಿ ಇಬ್ಬರೂ ಬಿಡುಗಡೆ ಹೊಂದಿದರು. ಗೊಂತ್ಸ್ ಅವರು 1990ರಿಂದ 2000ದವರೆಗೆ ಸ್ವತಂತ್ರ ಹಂಗೇರಿಯ ರಾಷ್ಟ್ರಾಧ್ಯಕ್ಷರಾಗಿದ್ದರು.

ಮಾತಿಗೆ ಕರೆದು ಹಿಡಿದವರು

ಹಂಗೇರಿಯ ಕಥೆಯಲ್ಲಿ ರಕ್ತಪಾತಕ್ಕಿಂತಲೂ ಮನಸ್ಸನ್ನು ಹೆಚ್ಚು ಕಲಕುವುದು ವಚನಭಂಗ. ನವೆಂಬರ್ 3ರ ರಾತ್ರಿ ರಕ್ಷಣಾ ಮಂತ್ರಿ ಪಾಲ್ ಮಾಲೇತೆರ್ ಸೇನೆಯ ವಾಪಸಾತಿಯ ಮಾತುಕತೆಗೆಂದು ಸೋವಿಯತ್ ಶಿಬಿರಕ್ಕೆ ಹೋದನು. ಸಂಧಾನದ ಮೇಜಿನಿಂದಲೇ ಅವನನ್ನು ಸೆರೆಹಿಡಿದರು. ನಾಜನು ಯುಗೊಸ್ಲಾವ್ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದಿದ್ದನು. ಮಾಸ್ಕೋದ ಬೆಂಬಲದಿಂದ ಅಧಿಕಾರಕ್ಕೆ ಬಂದ ಯಾನೋಶ್ ಕಾದಾರ್ ಲಿಖಿತ ಅಭಯಪತ್ರ ಕೊಟ್ಟ ಮೇಲೆ ನವೆಂಬರ್ 22ರಂದು ಹೊರಬಂದನು. ಬಾಗಿಲ ಬಳಿ ನಿಂತಿದ್ದ ವಾಹನವೇ ಅವನನ್ನು ಸೆರೆಗೆ ಒಯ್ದಿತು. ಕಾರ್ಮಿಕ ಮಂಡಳಿಯ ತರುಣ ನಾಯಕ ಶಾಂದೋರ್ ರಾತ್ಸ್ ಡಿಸೆಂಬರ್ 11ರಂದು ಮಾತುಕತೆಗೆಂದು ಸಂಸತ್ ಭವನಕ್ಕೆ ಬಂದಾಗ ಅಲ್ಲಿಯೇ ಬಂಧಿತನಾದನು. 1958ರ ಜೂನ್ 16ರಂದು ನಾಜ್ ಮತ್ತು ಮಾಲೇತೆರ್ ಇಬ್ಬರನ್ನೂ ಗಲ್ಲಿಗೇರಿಸಿ, ಕೊನೆಗೆ ಹೆಸರಿಲ್ಲದ ಸಮಾಧಿಗಳಲ್ಲಿ ಹೂಳಿದರು. ಹೀಗೆ ಅಭಯ ಕೊಟ್ಟು ಹಿಡಿಸಿದ ಕಾದಾರನೂ ಒಮ್ಮೆ ತನ್ನದೇ ಪಕ್ಷದ ಸೆರೆಮನೆಯಲ್ಲಿ 1951ರಿಂದ 1954ರವರೆಗೆ ನರಳಿದ್ದವನು. ತಾನುಂಡ ನೋವು ಎಲ್ಲರಿಗೂ ಕರುಣೆಯನ್ನು ಕಲಿಸುವುದಿಲ್ಲ.

ಹೆಸರುಗಳನ್ನು ಕಾದವನು

ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಬದುಕನ್ನು ಓದುಗರು ನೆನಪಿನಲ್ಲಿಡಬೇಕು. ಹಂಗೇರಿಯ ಘಟನೆಗಳ ವಿಚಾರಣೆಗೆ ವಿಶ್ವಸಂಸ್ಥೆಯು ಐದು ರಾಷ್ಟ್ರಗಳ ವಿಶೇಷ ಸಮಿತಿಯನ್ನು ನೇಮಿಸಿತು. ಅದು 111 ಸಾಕ್ಷಿಗಳನ್ನು ವಿಚಾರಿಸಿ, ಇದು ಜನರೇ ಸ್ವಯಂಪ್ರೇರಣೆಯಿಂದ ಎದ್ದ ಬಂಡಾಯವೆಂದು 1957ರ ಜೂನ್‌ನಲ್ಲಿ ವರದಿ ನೀಡಿತು. ಸಾಕ್ಷಿಗಳಲ್ಲಿ ಬಹುಮಂದಿಯ ಬಂಧುಗಳು ಹಂಗೇರಿಯಲ್ಲೇ ಇದ್ದರು; ಹೆಸರು ಹೊರಬಿದ್ದರೆ ಅವರಿಗೆ ಅಪಾಯ. ಹೆಸರನ್ನು ಗುಟ್ಟಾಗಿಡುವೆವೆಂದು ಅವರಿಗೆ ಮಾತು ಕೊಟ್ಟವನು ಸಮಿತಿಯ ಕೆಲಸದಲ್ಲಿದ್ದ ಪೋವ್ಲ್ ಬಾಂಗ್-ಯೆನ್ಸೆನ್ ಎಂಬ ಡೆನ್ಮಾರ್ಕಿನ ಅಧಿಕಾರಿ. ಮೇಲಧಿಕಾರಿಗಳು ಪಟ್ಟಿಯನ್ನು ಒಪ್ಪಿಸೆಂದಾಗ ಆತನು ನಿರಾಕರಿಸಿದನು. 1958ರ ಜನವರಿಯಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದ ಮಾಳಿಗೆಯ ಮೇಲೆ, ಅಧಿಕಾರಿಗಳ ಎದುರಿನಲ್ಲಿ, ಆ ಕಾಗದಗಳನ್ನು ಸುಡಲಾಯಿತು. ಅದೇ ವರ್ಷ ಆತನನ್ನು ಕೆಲಸದಿಂದ ತೆಗೆದುಹಾಕಿದರು. 1959ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಉದ್ಯಾನವೊಂದರಲ್ಲಿ ಆತನ ಶವ ಸಿಕ್ಕಿತು. ಅಭಯಪತ್ರಕ್ಕೆ ಸಹಿ ಹಾಕಿದ ಕಾದಾರ್ ಮೂರು ದಶಕ ಆಳಿದನು. ಬರಿಯ ಬಾಯಿಮಾತನ್ನು ಉಳಿಸಿಕೊಂಡವನು ಕೆಲಸವನ್ನೂ ಕಳೆದುಕೊಂಡನು, ನೆಮ್ಮದಿಯನ್ನೂ ಕಳೆದುಕೊಂಡನು. ಧರ್ಮಕ್ಕೆ ಕೂಡಲೇ ಲಾಭ ಬರುತ್ತದೆಂದು ಯಾರೂ ಹೇಳಲಾರರು. ಆದರೆ ಆ ಪಟ್ಟಿಯಲ್ಲಿದ್ದವರ ಬಂಧುಗಳ ಪಾಲಿಗೆ ಆತನ ಮಾತು ಪ್ರಾಣದಷ್ಟೇ ಬೆಲೆಯುಳ್ಳದ್ದಾಗಿತ್ತು.

ತಡವಾಗಿ ಬಂದ ಲೆಕ್ಕ

1989ರ ಜೂನ್ 16ರಂದು, ಗಲ್ಲಿಗೇರಿಸಿದ ಮೂವತ್ತೊಂದನೆಯ ವರ್ಷದ ದಿನವೇ, ಇಮ್ರೆ ನಾಜನನ್ನು ರಾಷ್ಟ್ರಗೌರವದೊಡನೆ ಮರುಸಮಾಧಿ ಮಾಡಿದರು. ಜುಲೈ 6ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆತನನ್ನು ನಿರ್ದೋಷಿಯೆಂದು ಸಾರಿತು. ಕಾದಾರ್ ಕೊನೆಯುಸಿರೆಳೆದದ್ದು ಅದೇ ದಿನ. 1991ರಲ್ಲಿ ಸೋವಿಯತ್ ಸೇನೆ ಹಂಗೇರಿಯನ್ನು ಬಿಟ್ಟು ಹೋಯಿತು. ಮರುವರ್ಷ ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ಅವರು ಬುಡಾಪೆಸ್ಟಿಗೆ ಬಂದು ಕ್ಷಮೆ ಕೋರಿದರು. ಆದರೂ ನೆನಪಿನ ತೂಕ ಏರಿಳಿಯುವುದು ನಿಂತಿಲ್ಲ. ಸಂಸತ್ತಿನ ಬಳಿಯಿದ್ದ ನಾಜನ ಪ್ರತಿಮೆಯನ್ನು 2018ರ ಡಿಸೆಂಬರ್‌ನಲ್ಲಿ ಅಲ್ಲಿಂದ ತೆಗೆದು ಬೇರೆಡೆಗೆ ಸಾಗಿಸಿದರು.

ಈ ಚರಿತ್ರೆಯಿಂದ ನಮಗೇನು ಎಂದು ಕೇಳುವವರಿರಬಹುದು. ತಟಸ್ಥನಾಗಿರುವುದು ತಪ್ಪಲ್ಲ. ಇಬ್ಬರು ಬಲಶಾಲಿಗಳ ಜಗಳದಲ್ಲಿ ಯಾರ ಪಕ್ಷವನ್ನೂ ಹಿಡಿಯದವನೇ ಸಂಧಾನಕ್ಕೆ ಅರ್ಹ. ರೆಹಮಾನರ ಬಳಿಗೆ ರಾಜಿಯ ಸೂತ್ರ ಬಂದದ್ದು ಭಾರತ ತಟಸ್ಥವಾಗಿದ್ದುದರಿಂದಲೇ. ಆದರೆ ಪಕ್ಷದ ವಿಷಯದಲ್ಲಿ ತಟಸ್ಥನಾದವನು ಅಳತೆಯ ವಿಷಯದಲ್ಲಿ ತಟಸ್ಥನಾಗುವಂತಿಲ್ಲ. ಈಜಿಪ್ಟಿಗೆ ಹಿಡಿದ ಸೇರನ್ನೇ ಹಂಗೇರಿಗೂ ಹಿಡಿದಿದ್ದರೆ ಅಂದು ನಮ್ಮ ಮಾತಿನ ತೂಕ ಹೆಚ್ಚುತ್ತಿತ್ತೇ ಹೊರತು ಕುಗ್ಗುತ್ತಿರಲಿಲ್ಲ.

ಮನೆಗಳಲ್ಲಿ, ಅಂಗಡಿಗಳಲ್ಲಿ, ನಾವು ನಡೆಸುವ ಟ್ರಸ್ಟುಗಳ ಸಭೆಗಳಲ್ಲಿಯೂ ಇದೇ ಪ್ರಶ್ನೆ ಸಣ್ಣ ರೂಪದಲ್ಲಿ ಏಳುತ್ತದೆ. ನಮ್ಮವನು ಲೆಕ್ಕ ಒಪ್ಪಿಸಲು ತಡಮಾಡಿದರೆ ‘ಕೆಲಸದ ಒತ್ತಡ’; ಆಗದವನು ತಡಮಾಡಿದರೆ ‘ದುರುಪಯೋಗ’. ಚಿಕ್ಕವನನ್ನು ಸಭೆಯಲ್ಲಿ ನಿಲ್ಲಿಸಿ ಕೇಳುತ್ತೇವೆ. ದೊಡ್ಡ ದಾನಿಯ ಮುಂದೆ ದನಿ ತಗ್ಗಿಸುತ್ತೇವೆ. ಮಹಾಸಭೆಯಲ್ಲಿ ಕೈಯೆತ್ತುವ ಅಧಿಕಾರ ನಮಗಿಲ್ಲ. ನಮ್ಮ ನಮ್ಮ ಸಭೆಗಳಲ್ಲಿ ಕೈಯೆತ್ತುವ ಅಧಿಕಾರ ಇದೆ. ಅಲ್ಲಿ ಒಂದೇ ಸೇರನ್ನು ಹಿಡಿಯುವುದು ನಮ್ಮಿಂದ ಆಗತಕ್ಕ ಕೆಲಸ, ಮತ್ತು ಇತರರಿಗೆ ನ್ಯಾಯ ಹೇಳಹೊರಡುವ ಮೊದಲು ಮಾಡಬೇಕಾದ ಕೆಲಸ.